ಒಂದೇ ಪ್ಯಾನಲ್, ಎರಡು ಸಂಬಳ: ಓದುಗರ ಸ್ಪಂದನ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ಹೀಗೆ ಬರೆದಿದ್ದರು:

"ನನಗೆ 27 ವರ್ಷ. ಐಟಿಐ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ (ಕಾರ್ಖಾನೆಯಲ್ಲಿ ಒತ್ತಡ, ಬಿಸಿ, ಲೆವೆಲ್ ಅಳೆಯುವ ಉಪಕರಣಗಳ ಕೆಲಸ) ಓದಿದ್ದೇನೆ. ಐದು ವರ್ಷದಿಂದ ಕಲಬುರಗಿ ಜಿಲ್ಲೆಯ ಒಂದು ಸಿಮೆಂಟ್ ಕಾರ್ಖಾನೆಯಲ್ಲಿ ಗುತ್ತಿಗೆ ಮೇಲೆ ಟೆಕ್ನಿಷಿಯನ್ ಆಗಿದ್ದೇನೆ. ಸಂಬಳದ ಚೀಟಿಯಲ್ಲಿ 19,500, ಕೈಗೆ ಬರುವುದು 17,500 ಚಿಲ್ಲರೆ. ಅದೇ ಪ್ಯಾನಲ್ ಮುಂದೆ ನಿಂತು ಅದೇ ಕೆಲಸ ಮಾಡುವ ಪರ್ಮನೆಂಟ್ ಅಣ್ಣನಿಗೆ ನನ್ನ ಮೂರು ಪಟ್ಟು. ಸೌದಿಗೆ ಕಳಿಸುತ್ತೇನೆ, 1 ಲಕ್ಷ 20 ಸಾವಿರ ಕೊಡು ಅಂತ ಏಜೆಂಟ್ ಒಬ್ಬರು ಹೇಳುತ್ತಿದ್ದಾರೆ. ಜಮಖಂಡಿ ಹತ್ತಿರದ ಊರಿನಲ್ಲಿ ಅಪ್ಪನಿಗೆ ಆರೋಗ್ಯ ಸರಿ ಇಲ್ಲ. ಬಂದು ಹೊಲ ನೋಡಿಕೋ ಎನ್ನುತ್ತಾರೆ. ಈ ಕೆಲಸಕ್ಕೆ ಇಷ್ಟೇನಾ ಬೆಲೆ?"

ಬಂದ ಉತ್ತರಗಳಲ್ಲಿ ಕೆಲವು ಇಲ್ಲಿವೆ.

ನಿವೃತ್ತ ಇನ್‌ಸ್ಟ್ರುಮೆಂಟ್ ಫೋರ್‌ಮನ್, ಸುರತ್ಕಲ್

ಇಷ್ಟೇ ಅಲ್ಲ. ಮೊದಲು ಅದನ್ನು ಹೇಳಿಬಿಡುತ್ತೇನೆ. 34 ವರ್ಷ ಇದೇ ಕೆಲಸ ಮಾಡಿದವನು ನಾನು.

ಕೈಯಲ್ಲಿ ಕೆಲಸ ಇದ್ದರೆ ಸಂಬಳ ತಾನಾಗಿ ಬರುತ್ತದೆ ಅಂತ ಹುಡುಗನಾಗಿದ್ದಾಗ ನಂಬಿದ್ದೆ. ಹಾಗಾಗುವುದಿಲ್ಲ. ನೀವು ಯಾರ ರೋಲ್‌ನಲ್ಲಿದ್ದೀರಿ, ಅಂದರೆ ಯಾರ ಸಂಬಳ ಪಟ್ಟಿಯಲ್ಲಿದ್ದೀರಿ ಅನ್ನುವುದೇ ಮೊದಲು ಲೆಕ್ಕಕ್ಕೆ ಬರುತ್ತದೆ. ಕಂಪನಿ ರೋಲ್‌ನವರಿಗೆ ಯೂನಿಯನ್ ಇರುತ್ತದೆ, ಕೆಲವು ವರ್ಷಕ್ಕೊಮ್ಮೆ ವೇತನ ಒಪ್ಪಂದ ಆಗುತ್ತದೆ. ಗುತ್ತಿಗೆಯವರಿಗೆ ಇರುವುದು ಟೆಂಡರ್. ಅದರಲ್ಲಿ ಕಡಿಮೆ ರೇಟು ಬರೆದವನು ಗೆಲ್ಲುತ್ತಾನೆ, ಆ ಕಡಿಮೆ ಎಲ್ಲಿಂದ ಬರಬೇಕು? ನಿಮ್ಮ ಕೂಲಿಯಿಂದಲೇ. ಆಮೇಲೆ ನೀವು ನಿಂತಿರುವ ಜಾಗ. ರಿಫೈನರಿ, ಗೊಬ್ಬರದ ಕಾರ್ಖಾನೆ, ವಿದ್ಯುತ್ ಸ್ಥಾವರಗಳಲ್ಲಿ ಒಂದು ತಪ್ಪು ರೀಡಿಂಗ್ ಇಡೀ ಘಟಕವನ್ನೇ ಟ್ರಿಪ್ ಮಾಡಬಹುದು. ಪ್ಲಾಂಟ್ ಒಂದು ಗಂಟೆ ನಿಂತರೆ ಎಷ್ಟು ನಷ್ಟವೋ, ಅದನ್ನು ನಿಲ್ಲದಂತೆ ನೋಡಿಕೊಳ್ಳುವವನಿಗೆ ಅಷ್ಟು ಬೆಲೆ.

ಇನ್ನೊಂದು ವಿಷಯವನ್ನು ನಮ್ಮ ಹುಡುಗರು ಯಾರೂ ಗಮನಿಸುವುದಿಲ್ಲ. ಅದಕ್ಕೆ ಒಂದು ರಾತ್ರಿಯ ಕಥೆ ಹೇಳಬೇಕು.

ಜುಲೈ ತಿಂಗಳು. ನಮ್ಮ ಕಡೆಯ ಮಳೆ ನಿಮಗೆ ಗೊತ್ತಿರಬಹುದು, ಮೂರು ದಿನ ಬಿಟ್ಟೂಬಿಡದೆ ಸುರಿದಿತ್ತು. ಒಂದು ಡ್ರಮ್ಮಿನ ಲೆವೆಲ್ ಕಂಟ್ರೋಲ್ ರೂಮಿನಲ್ಲಿ 62% ತೋರಿಸುತ್ತಿತ್ತು. ಫೀಲ್ಡ್‌ಗೆ ಹೋಗಿ ಡ್ರಮ್ಮಿನ ಪಕ್ಕದ ಅಳತೆ ಗಾಜಿನಲ್ಲಿ ನೋಡಿದರೆ 40%. ಲೆವೆಲ್ ಅಳೆದು ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್ ಹೋಗಿದೆ, ಸ್ಟೋರ್‌ನಿಂದ ಹೊಸದು ತನ್ನಿ ಅಂತ ಎಲ್ಲರೂ ಹೇಳಿದರು. ಶಿಫ್ಟಿನಲ್ಲಿ ಇದ್ದವನು ಒಬ್ಬ ಗುತ್ತಿಗೆ ಹುಡುಗ. ಅವನು ಟ್ರಾನ್ಸ್‌ಮಿಟರ್‌ನ ವೈರ್ ಬಿಚ್ಚಿ, ಪ್ಯಾನಲ್ ಕಡೆ ಮೀಟರ್ ಹಿಡಿದ. ವೈರ್ ಬಿಚ್ಚಿದ ಮೇಲೆ ಕರೆಂಟ್ ಸೊನ್ನೆ ಆಗಬೇಕು ಅಲ್ವಾ? ಆಗಲಿಲ್ಲ. ಮೂರೂವರೆ ಮಿಲಿಆಂಪಿಯರ್ ಹತ್ತಿರ ಹರಿಯುತ್ತಲೇ ಇತ್ತು. ಅವನು ಅಲ್ಲೇ ಲೆಕ್ಕ ಹಾಕಿದ. ಸಿಗ್ನಲ್ 4 ಇದ್ದರೆ 0%, 20 ಇದ್ದರೆ 100%. 4ರಿಂದ 20ರವರೆಗೆ 16 ಮಿಲಿಆಂಪಿಯರ್, ಅದರಲ್ಲಿ 22% ಅಂದರೆ ಮೂರೂವರೆ. ಹೆಚ್ಚಾಗಿ ತೋರಿಸುತ್ತಿದ್ದ ಲೆವೆಲ್ಲೂ ಅಷ್ಟೇ! ಮಧ್ಯದ ಜಂಕ್ಷನ್ ಬಾಕ್ಸ್ ತೆಗೆದರೆ ಕೇಬಲ್ ಒಳಹೋಗುವಲ್ಲಿನ ಗ್ಲ್ಯಾಂಡ್ ಸಡಿಲವಾಗಿ ಒಳಗೆ ನೀರು ನಿಂತಿತ್ತು, ಟರ್ಮಿನಲ್‌ಗಳ ಮೇಲೆ ಹಸಿರು ಕಿಲುಬು. ಒರೆಸಿ, ಒಣಗಿಸಿ, ಟರ್ಮಿನಲ್ ಬದಲಿಸಿ, ಗ್ಲ್ಯಾಂಡ್ ಬಿಗಿ ಮಾಡಿದ. ಹೊಸ ಟ್ರಾನ್ಸ್‌ಮಿಟರ್ ಬೇಕಾಗಲಿಲ್ಲ.

ಬೆಳಿಗ್ಗೆ ಲಾಗ್‌ಬುಕ್‌ನಲ್ಲಿ ಒಂದೇ ಸಾಲು ಇತ್ತು: "ಲೆವೆಲ್ ಟ್ರಾನ್ಸ್‌ಮಿಟರ್ ಚೆಕ್ ಮಾಡಿದೆ, ಸರಿ ಇದೆ." ಅವನ ಹೆಸರೂ ಇಲ್ಲ, ಅವನು ಹುಡುಕಿದ ಕಾರಣವೂ ಇಲ್ಲ. ಮುಂದಿನ ವರ್ಷ ಕಂಟ್ರಾಕ್ಟರ್ ಬದಲಾದ. ಹೊಸಬನಿಗೆ ಆ ಹುಡುಗ ಹತ್ತು ಜನರಲ್ಲಿ ಒಬ್ಬ, ಅಷ್ಟೇ. ಆ ಸಾಲು ಸರಿಯಾಗಿ ಬರೆಸಬೇಕಿದ್ದವನು ನಾನು. ಬರೆಸಲಿಲ್ಲ ಅನ್ನುವ ನೋವು ಇವತ್ತಿಗೂ ಇದೆ.

ನಿಮ್ಮ ಐದು ವರ್ಷದ ಅನುಭವ ಎಲ್ಲಿದೆ? ನಿಮ್ಮ ತಲೆಯಲ್ಲಿ ಮಾತ್ರ. ಇವತ್ತೇ ಒಂದು 200 ಪುಟದ ನೋಟ್‌ಬುಕ್ ತನ್ನಿ. ದಿನಾ ಬರೆಯಿರಿ. ಯಾವ ಥರದ ಉಪಕರಣ, ಏನು ತೊಂದರೆ, ಹೇಗೆ ಹುಡುಕಿದಿರಿ, ಏನು ಮಾಡಿದಿರಿ. ಕಂಪನಿಯ ಗುಟ್ಟು, ಡ್ರಾಯಿಂಗ್ ಯಾವುದೂ ಬೇಡ. ವಾಲ್ವ್ ಎಷ್ಟು ತೆರೆಯಬೇಕೋ ಅಷ್ಟು ತೆರೆಸುವ ಪೊಸಿಷನರ್ ಎಷ್ಟು ಮಾಡಿದಿರಿ, ಕಿಲ್ನ್‌ನ (ಸಿಮೆಂಟ್ ಕುಲುಮೆಯ) ಬಿಸಿ ಅಳೆಯುವ ಥರ್ಮೊಕಪಲ್ ಎಷ್ಟು ಬದಲಿಸಿದಿರಿ, ಟ್ರಾನ್ಸ್‌ಮಿಟರ್ ಸೆಟ್ ಮಾಡುವ ಹಾರ್ಟ್ ಕಮ್ಯುನಿಕೇಟರ್ ಹಿಡಿದು ಒಬ್ಬರೇ ರೇಂಜ್ ಬದಲಿಸಿದ್ದೀರಾ, ಪಿಎಲ್‌ಸಿಯಲ್ಲಿ (ಯಂತ್ರಗಳನ್ನು ನಡೆಸುವ ಕಂಪ್ಯೂಟರ್) ಸಿಗ್ನಲ್‌ಗೆ ಫೋರ್ಸ್ ಹಾಕಿ ತೆಗೆದಿದ್ದೀರಾ. ಆರು ತಿಂಗಳು ಬರೆದರೆ ನಿಮ್ಮ ಬೆಲೆ ಎಷ್ಟು ಅಂತ ನಿಮಗೇ ಕಾಣುತ್ತದೆ. ಇಂಟರ್‌ವ್ಯೂನಲ್ಲಿ ನಿಮ್ಮ ಬಾಯಿಂದ ಬರುವುದೂ ಆ ನೋಟ್‌ಬುಕ್ಕೇ.

ಸಾಧ್ಯವಾದರೆ ಡಿಪ್ಲೊಮಾ ಮಾಡಿಕೊಳ್ಳಿ. ಐಟಿಐ ಆದವರಿಗೆ ನೇರವಾಗಿ ಎರಡನೇ ವರ್ಷಕ್ಕೆ ಸೀಟು ಸಿಗುತ್ತದೆ. ಐಟಿಐನವನಿಗೂ ಡಿಪ್ಲೊಮಾದವನಿಗೂ ಕೆಲಸದಲ್ಲಿ ದೊಡ್ಡ ವ್ಯತ್ಯಾಸ ನಾನು ಕಂಡಿಲ್ಲ. ಗ್ರೇಡ್‌ನಲ್ಲಿ ಮಾತ್ರ ಕೊನೆಯವರೆಗೂ ಕಂಡಿದ್ದೇನೆ.

ಕಾರ್ಮಿಕರ ಸಂಘದಲ್ಲಿ ಕೆಲಸ ಮಾಡುವವರು, ಕಲಬುರಗಿ

ಮೇಲಿನ ಹಿರಿಯರು ಹೇಳಿದ್ದು ನಾಳೆಯ ಮಾತು. ನಾನು ಈ ತಿಂಗಳ ಚೀಟಿಯ ಬಗ್ಗೆ ಹೇಳುತ್ತೇನೆ.

19,500ರಲ್ಲಿ ಮೂಲ ವೇತನ ಮತ್ತು ತುಟ್ಟಿಭತ್ಯೆ 15,000 ಇದೆ ಅಂತ ಇಟ್ಟುಕೊಳ್ಳೋಣ. ಪಿಎಫ್ 12%, ಅಂದರೆ 1,800. ಇಎಸ್‌ಐ (ಕಾರ್ಮಿಕರ ಆರೋಗ್ಯ ವಿಮೆ) 0.75%, ಅಂದರೆ 147. ಕೈಗೆ 17,553. ನೀವು ಬರೆದ ಅಂಕಿಗೆ ಇದು ಹೊಂದುತ್ತದೆ. ಆದರೆ ಕಂಟ್ರಾಕ್ಟರ್ ತನ್ನ ಪಾಲು ಕಟ್ಟಿದ್ದಾರಾ? ಪಿಎಫ್‌ಗೆ ಇನ್ನೊಂದು 1,800, ಇಎಸ್‌ಐಗೆ 3.25% ಅವರ ಕಡೆಯಿಂದ ಬರಬೇಕು. ನಿಮ್ಮ ಪಿಎಫ್‌ನ ಯುಎಎನ್ ನಂಬರ್ ಹಾಕಿ ಪಾಸ್‌ಬುಕ್ ತೆಗೆದು ನೋಡಿ. ಐದು ವರ್ಷದಲ್ಲಿ ಕಂಟ್ರಾಕ್ಟರ್ ಎಷ್ಟು ಸಲ ಬದಲಾದರೋ ಅಷ್ಟೂ ಸಲ ಹಣ ಒಂದೇ ನಂಬರಿಗೆ ಬಂದಿದೆಯಾ ನೋಡಿ. ನಮ್ಮಲ್ಲಿಗೆ ಬರುವ ಹುಡುಗರಲ್ಲಿ ಎರಡು ಮೂರು ಯುಎಎನ್ ಇರುವವರು ಬಹಳ. ಮದುವೆಗೆ ಅಂತ ಹಣ ತೆಗೆಯಲು ಹೋದಾಗ ಗೊತ್ತಾಗುತ್ತದೆ.

ಓಟಿ (ಹೆಚ್ಚುವರಿ ಗಂಟೆಯ ಕೆಲಸ) ಬಗ್ಗೆ ನೀವು ಏನೂ ಬರೆದಿಲ್ಲ. ಸಿಮೆಂಟ್ ಕಾರ್ಖಾನೆಯಲ್ಲಿ ಓಟಿ ಇಲ್ಲದೆ ತಿಂಗಳು ಮುಗಿಯುವುದಿಲ್ಲ ಅಂತ ನನಗೆ ಗೊತ್ತು. ಬರೀ 15,000 ಹಿಡಿದರೂ 26 ದಿನ, 8 ಗಂಟೆಗೆ ಭಾಗಿಸಿದರೆ ಗಂಟೆಗೆ 72 ರೂಪಾಯಿ. ಓಟಿಗೆ ಎರಡು ಪಟ್ಟು, 144. ಇದು 1948ರ ಕಾರ್ಖಾನೆ ಕಾಯ್ದೆಯಲ್ಲೂ ಇತ್ತು, 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ಎಷ್ಟೋ ಕಡೆ ಒಂದೇ ಪಟ್ಟು ಕೊಟ್ಟು ಸಹಿ ಹಾಕಿಸಿಕೊಳ್ಳುತ್ತಾರೆ. ನಿಮ್ಮ ಓಟಿ ಗಂಟೆಗಳನ್ನೂ ಆ ನೋಟ್‌ಬುಕ್‌ನಲ್ಲೇ ಬರೆದಿಡಿ.

ಅಪ್ಪನ ವಿಷಯ. ಇಎಸ್‌ಐ ಕಾರ್ಡ್ ಇದ್ದರೆ ನಿಮ್ಮ ಮೇಲೆ ಅವಲಂಬಿತರಾದ ತಂದೆ ತಾಯಿಗೂ ಚಿಕಿತ್ಸೆ ಇದೆ. ಅವರ ಹೆಸರು ಸೇರಿಸಿದ್ದೀರಾ? ಸುಮಾರು ಹುಡುಗರು ಸೇರಿಸಿರುವುದೇ ಇಲ್ಲ. ಇಎಸ್‌ಐ ಮಿತಿ 21,000. ಅದನ್ನು ದಾಟಿದರೆ ಆ ಆರು ತಿಂಗಳ ಅವಧಿ ಮುಗಿಯುವವರೆಗೆ ಮಾತ್ರ ವಂತಿಗೆ ನಡೆಯುತ್ತದೆ. 22,000ಕ್ಕೆ ಕೆಲಸ ಬದಲಿಸುವ ಮುಂಚೆ ಅಪ್ಪನ ಔಷಧಿ ಖರ್ಚೂ ಲೆಕ್ಕ ಹಾಕಿ.

ಇನ್‌ಸ್ಟ್ರುಮೆಂಟ್ ಟೆಕ್ನಿಷಿಯನ್, ಜುಬೈಲ್, ಸೌದಿ ಅರೇಬಿಯಾ (ಊರು ಕುಂದಾಪುರ)

ಅಣ್ಣಾ, ಆ 1 ಲಕ್ಷ 20 ಸಾವಿರ ದಯವಿಟ್ಟು ಕೊಡಬೇಡಿ.

ವಿದೇಶಕ್ಕೆ ಕಳಿಸುವ ಏಜೆಂಟ್ ನಮ್ಮಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಸರ್ಕಾರದ ನಿಯಮದ ಪ್ರಕಾರ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ರಸೀದಿ ಕೊಡಲೇಬೇಕು. ಅವರ ಲೈಸೆನ್ಸ್ ನಂಬರ್ ಕೇಳಿ, ಸರ್ಕಾರದ ಇ-ಮೈಗ್ರೇಟ್ ಸೈಟಿನಲ್ಲಿ ಹಾಕಿ ನೋಡಿ. ನಂಬರ್ ಕೇಳಿದ ತಕ್ಷಣ ಮಾತು ತಿರುಗಿಸಿದರೆ ಅಲ್ಲಿಗೆ ಬಿಟ್ಟುಬಿಡಿ. ನಾನು ಮೊದಲ ಸಲ ಬಂದಾಗ ಅಮ್ಮನ ಬಳೆ ಅಡವಿಟ್ಟು 90,000 ಕೊಟ್ಟಿದ್ದೆ. ಬಳೆ ಬಿಡಿಸಲು ಹದಿನಾಲ್ಕು ತಿಂಗಳು ಬೇಕಾಯಿತು.

ಇಲ್ಲಿ ಸಂಬಳ ಊರಿಗಿಂತ ಜಾಸ್ತಿ, ಅದು ನಿಜ. ಆದಾಯ ತೆರಿಗೆಯೂ ಇಲ್ಲ. ಆದರೆ ಇಲ್ಲೂ ಒಂದೇ ಪ್ಯಾನಲ್‌ಗೆ ಎರಡು ಸಂಬಳವೇ. ಕಂಪನಿಯ ನೇರ ನೌಕರ ಬೇರೆ, ಮ್ಯಾನ್‌ಪವರ್ ಸಪ್ಲೈ ಮೂಲಕ ಬಂದವನು ಬೇರೆ. ಆಫರ್ ಲೆಟರ್‌ನಲ್ಲಿ ಮೂಲ ಸಂಬಳ ಎಷ್ಟು, ಭತ್ಯೆ ಎಷ್ಟು ಬೇರೆ ಬೇರೆ ಬರೆದಿದೆಯಾ? ಎಂಟು ಗಂಟೆಗೋ ಹತ್ತು ಗಂಟೆಗೋ? ಊಟ, ರೂಮು ಯಾರದು? ವೀಸಾದಲ್ಲಿ ಹುದ್ದೆ ಏನು ಅಂತ ಇದೆ? ನನ್ನ ಜೊತೆ ಬಂದ ಒಬ್ಬನ ವೀಸಾದಲ್ಲಿ ಸಾಮಾನ್ಯ ಕೂಲಿ ಅಂತ ಇತ್ತು. ಬಾಯಲ್ಲಿ ಟೆಕ್ನಿಷಿಯನ್, ಕಾಗದದಲ್ಲಿ ಕೂಲಿ. ಎರಡು ವರ್ಷ ಕಾಗದದ ಸಂಬಳವೇ ಬಂತು.

ಬಿಟ್ಟು ಬರುವಾಗ ಸಿಗುವ ಹಣ ಇಲ್ಲಿ ಮೊದಲ ಐದು ವರ್ಷಕ್ಕೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ಆಮೇಲೆ ವರ್ಷಕ್ಕೆ ಒಂದು ತಿಂಗಳದ್ದು. ಅವಧಿ ಮುಗಿಯುವ ಮುಂಚೆ ನೀವಾಗಿ ರಾಜೀನಾಮೆ ಕೊಟ್ಟರೆ ಕಡಿತ ಆಗುತ್ತದೆ.

ಇಂಟರ್‌ವ್ಯೂ ಬಗ್ಗೆ ಒಂದು ಮಾತು. ನನಗೆ ಕೇಳಿದ ಮೊದಲ ಪ್ರಶ್ನೆ: ಸಿಗ್ನಲ್ ಸೊನ್ನೆಯಿಂದ ಯಾಕೆ ಶುರುವಾಗಲ್ಲ, 4ರಿಂದ ಯಾಕೆ? ವೈರ್ ಕಡಿದರೆ ಸೊನ್ನೆ ಬರುತ್ತದೆ, ಆಗ ಟ್ಯಾಂಕ್ ಖಾಲಿಯೋ ವೈರ್ ಕಟ್ಟೋ ಗೊತ್ತಾಗಬೇಕಲ್ಲ, ಅದಕ್ಕೆ ಅಂದೆ. ಆಮೇಲೆ ಎರಡು ಕಡೆಯ ಒತ್ತಡದ ವ್ಯತ್ಯಾಸ ಅಳೆಯುವ ಡಿಪಿ ಟ್ರಾನ್ಸ್‌ಮಿಟರ್‌ನ ಮೂರು ವಾಲ್ವಿನ ಮ್ಯಾನಿಫೋಲ್ಡ್ ಮೇಜಿನ ಮೇಲಿಟ್ಟು ಲೈನಿಗೆ ತೆಗೆದುಕೋ ಅಂದರು. ಎರಡೂ ಕಡೆಯ ಒತ್ತಡ ಸಮ ಮಾಡುವ ಈಕ್ವಲೈಸಿಂಗ್ ವಾಲ್ವ್ ತೆರೆದಿದೆಯಾ ಅಂತ ಮೊದಲು ಕೈಯಿಟ್ಟು ನೋಡಿದೆ, ಆಮೇಲೆ ಹೈ ಸೈಡ್ ನಿಧಾನಕ್ಕೆ ತೆರೆದೆ, ಈಕ್ವಲೈಸಿಂಗ್ ಮುಚ್ಚಿದೆ, ಕೊನೆಗೆ ಲೋ ಸೈಡ್. ಅವರು ನನ್ನ ಸರ್ಟಿಫಿಕೇಟ್ ಫೈಲ್ ತೆರೆಯಲೇ ಇಲ್ಲ, ಕೈಯನ್ನೇ ನೋಡುತ್ತಿದ್ದರು. ಈ ಕೆಲಸ ನಿಮಗೆ ಗೊತ್ತಿದೆ. ಹಾಗಾಗಿ ಸಾಲ ಮಾಡಿ ಬರುವ ಅಗತ್ಯ ನಿಮಗಿಲ್ಲ.

ಕ್ಯಾಲಿಬ್ರೇಷನ್ ಲ್ಯಾಬ್‌ನಲ್ಲಿ ಕೆಲಸ ಮಾಡುವವರು, ಪೀಣ್ಯ, ಬೆಂಗಳೂರು

ಎಲ್ಲರೂ ಪ್ಲಾಂಟ್, ಗಲ್ಫ್ ಅಂತಲೇ ಬರೆಯಬಹುದು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ. ನಾನೂ ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್. ನಮ್ಮ ಬ್ಯಾಚಿನಲ್ಲಿ ಹುಡುಗಿಯರು ಇಬ್ಬರೇ.

ಉಪಕರಣ ಸರಿಯಾಗಿ ಅಳೆಯುತ್ತಿದೆಯಾ ಅಂತ ಪರೀಕ್ಷಿಸುವ, ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬ್‌ಗಳಲ್ಲಿ ನಮ್ಮವರಿಗೆ ಕೆಲಸ ಇದೆ. ಪ್ರೆಷರ್ ಗೇಜ್, ಬಿಸಿ ಅಳೆಯುವ ಆರ್‌ಟಿಡಿ, ಟ್ರಾನ್ಸ್‌ಮಿಟರ್ ಬರುತ್ತವೆ. ಪಿಟಿ-100 ಆರ್‌ಟಿಡಿಯನ್ನು ಐಸ್ ಬಾತ್‌ನಲ್ಲಿ ಇಟ್ಟರೆ 100 ಓಮ್ ಬರಬೇಕು, 100 ಡಿಗ್ರಿಯಲ್ಲಿ 138.5. ಎಷ್ಟು ತಪ್ಪಿದೆ ಅಂತ ಬರೆಯಬೇಕು, ಎಷ್ಟು ನಂಬಬಹುದು ಅಂತಲೂ ಲೆಕ್ಕ ಹಾಕಿ ಬರೆಯಬೇಕು. ಔಷಧ ಕಂಪನಿಗಳಲ್ಲಂತೂ ಕ್ಯಾಲಿಬ್ರೇಷನ್ ದಿನಾಂಕ ದಾಟಿದ ಒಂದು ಗೇಜ್ ಇದ್ದರೂ ಆಡಿಟ್‌ನಲ್ಲಿ ಸಿಕ್ಕಿಬೀಳುತ್ತಾರೆ. ಹಾಗಾಗಿ ಅಚ್ಚುಕಟ್ಟಾಗಿ ದಾಖಲೆ ಬರೆಯುವವರನ್ನು ಅವರು ಬಿಡುವುದಿಲ್ಲ.

ಇಲ್ಲಿ 14,000ಕ್ಕೆ ಸೇರಿದೆ. ಆರು ವರ್ಷದಲ್ಲಿ 31,000 ಆಗಿದೆ. ಪ್ಲಾಂಟ್ ನಿಲ್ಲಿಸಿ ರಿಪೇರಿ ಮಾಡುವ ಶಟ್‌ಡೌನ್ ಕೆಲಸದವರಷ್ಟು ಒಮ್ಮೆಗೇ ಬರುವುದಿಲ್ಲ, ರೂಮಿನ ಬಾಡಿಗೆಯೂ ಜಾಸ್ತಿ. ಆದರೆ ರಾತ್ರಿ ಪಾಳಿ ಇಲ್ಲ, ಸಿಮೆಂಟ್ ಧೂಳಿಲ್ಲ. ನನಗೆ ಇದು ದೊಡ್ಡದು.

ಕೈಗಾ ಹತ್ತಿರದ ಓದುಗರು, ಕಾರವಾರ ತಾಲ್ಲೂಕು

ಸರ್ಕಾರಿ ಕೆಲಸಕ್ಕೆ ವಯಸ್ಸು ನೋಡಿಕೊಳ್ಳಿ. ಅಣುಸ್ಥಾವರದ ಐಟಿಐ ಟ್ರೈನಿಗೆ ಸಾಮಾನ್ಯ ವರ್ಗದಲ್ಲಿ 24 ವರ್ಷದ ಮಿತಿ. ನನ್ನ ತಮ್ಮ ಒಂದೇ ವರ್ಷದಲ್ಲಿ ಅದನ್ನು ಕಳೆದುಕೊಂಡ. ಮೀಸಲಾತಿ ಇದ್ದರೆ ಸಡಿಲಿಕೆ ಇದೆ. ಇಸ್ರೊ ಟೆಕ್ನಿಷಿಯನ್-ಬಿ ಹುದ್ದೆಗೆ ಮಾತ್ರ ಸಾಮಾನ್ಯವಾಗಿ 35 ವರ್ಷದವರೆಗೆ ಅವಕಾಶ. ಏಳನೇ ವೇತನ ಆಯೋಗದ ಪ್ರಕಾರ ಮೂಲ ವೇತನವೇ 21,700ರಿಂದ ಶುರು. ತುಟ್ಟಿಭತ್ಯೆ, ಮನೆ ಬಾಡಿಗೆ ಬೇರೆ. ಡಿಪ್ಲೊಮಾದವರ ಟೆಕ್ನಿಕಲ್ ಅಸಿಸ್ಟೆಂಟ್ ಹುದ್ದೆಗೆ 44,900. ನಿಮ್ಮ ಟ್ರೇಡ್ ಎಲ್ಲ ಸಲವೂ ಕರೆಯುವುದಿಲ್ಲ. ಕರೆದಾಗ ಬಿಡಬೇಡಿ.

ಸಕ್ಕರೆ ಕಾರ್ಖಾನೆ ನೌಕರರು, ಮುಧೋಳ

ತಮ್ಮಾ, ನಮ್ಮ ಕಡೆಯವನು ನೀನು. ಅಪ್ಪ ಕರೆಯುತ್ತಿದ್ದಾನೆ ಅಂತ ಬರೆದಿದ್ದೀ. ಅವರೆಲ್ಲ ದೂರದ ದಾರಿ ಹೇಳಿದರು, ಹತ್ತಿರದ್ದು ನಾನು ಹೇಳುತ್ತೇನೆ.

ಜಮಖಂಡಿ, ಮುಧೋಳ ಸುತ್ತ ಎಷ್ಟು ಸಕ್ಕರೆ ಕಾರ್ಖಾನೆ ಇವೆ ನಿನಗೇ ಗೊತ್ತು. ಹಿಂದೆ ಇಲ್ಲಿ ಇನ್‌ಸ್ಟ್ರುಮೆಂಟ್‌ನವರನ್ನು ಯಾರೂ ಕೇಳುತ್ತಿರಲಿಲ್ಲ. ರಸದ ಬಿಸಿ ಕೈಯಳತೆಯಲ್ಲೇ ನಡೆಯುತ್ತಿತ್ತು. ಕೋಜನ್ (ಕಬ್ಬಿನ ಸಿಪ್ಪೆ ಸುಟ್ಟು ಕರೆಂಟ್ ತಯಾರಿಸುವುದು) ಬಂದು ಹೈ ಪ್ರೆಷರ್ ಬಾಯ್ಲರ್ ಕೂರಿಸಿದ ಮೇಲೆ ಲೆಕ್ಕ ಬದಲಾಯಿತು. ಡ್ರಮ್ ಲೆವೆಲ್ ಸರಿ ತೋರಿಸದಿದ್ದರೆ ಬಾಯ್ಲರ್ ನಡೆಸುವ ಹಾಗಿಲ್ಲ. ಬಾಯ್ಲರ್ ನಿಂತರೆ ಕರೆಂಟ್ ಇಲ್ಲ, ಹೊರಗೆ ಕಬ್ಬಿನ ಟ್ರ್ಯಾಕ್ಟರ್ ಸಾಲು ನಿಲ್ಲುತ್ತದೆ, ರೈತರು ಗೇಟಿಗೆ ಬರುತ್ತಾರೆ. ಆವಾಗ ಎಲ್ಲರೂ ಹುಡುಕುವುದು ನಮ್ಮನ್ನೇ.

ಸಂಬಳ ದೊಡ್ಡದಿಲ್ಲ, ಸುಳ್ಳು ಹೇಳುವುದಿಲ್ಲ. ನೀನು ಈಗ ತಗೊಳ್ಳುವುದಕ್ಕಿಂತ ಸ್ವಲ್ಪ ಮೇಲೆ ಸಿಗಬಹುದು. ಸೀಸನ್ ಮುಗಿದ ಮೇಲೆ ಕಾಯಂ ಇಲ್ಲದವರಿಗೆ ಕೆಲಸ ಕಡಿಮೆ, ಆವಾಗ ಹೊಲ ನೋಡಬಹುದು. ಮನೆ ಊಟ, ಅಪ್ಪನನ್ನು ದವಾಖಾನೆಗೆ ಕರೆದುಕೊಂಡು ಹೋಗಲು ಮನೆಯಲ್ಲಿ ಒಬ್ಬ ಗಂಡಸು. ನಾನು ಹೊರಗೆ ದುಡಿಯುವಾಗಲೇ ನಮ್ಮ ಅಪ್ಪ ಹೋದ. ಬಸ್ಸು ಸಿಗಲಿಲ್ಲ, ಮುಖ ನೋಡಲಿಕ್ಕೆ ಆಗಲಿಲ್ಲ.

ಬರುವುದಾದರೆ ಮಳೆಗಾಲದಲ್ಲೇ ಬಾ. ಆವಾಗ ಓವರ್‌ಹಾಲಿಂಗ್ ನಡೆದಿರುತ್ತದೆ, ವಾಲ್ವುಗಳೆಲ್ಲ ಬಿಚ್ಚಿ ನೆಲದ ಮೇಲೆ ಇರುತ್ತವೆ, ಹೊಸಬರನ್ನು ತೆಗೆದುಕೊಳ್ಳುವುದೂ ಆವಾಗಲೇ. ದೀಪಾವಳಿ ಹೊತ್ತಿಗೆ ಕಬ್ಬು ಅರೆಯಲು ಶುರುವಾದರೆ ನಿನ್ನ ಜೊತೆ ಮಾತಾಡಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ನೋಟ್‌ಬುಕ್ ತರುವುದು ಮರೆಯಬೇಡ.