ಮೂರಡಿ ನೀರಿನ ವಿಷಯವಾಗಿ ಮಗಳಿಗೆ

ಮಗಳೇ, ನಿಮ್ಮ ಅಮೆರಿಕದ ಮನೆಯ ಹಿತ್ತಿಲಲ್ಲಿ, ನೆಲ ಅಗೆಯದೆ ಮೇಲೆಯೇ ನಿಲ್ಲಿಸುವ ಈಜುಕೊಳಕ್ಕೆ ಅಲ್ಲಿನ ಕಚೇರಿಯವರು ಪರವಾನಗಿಯನ್ನೂ ಬೇಲಿಯನ್ನೂ ಕೇಳುತ್ತಿದ್ದಾರೆ, ಮೂರಡಿ ಎತ್ತರದ ಕೊಳಕ್ಕೆ ಇಷ್ಟೆಲ್ಲ ಬೇಕೇ ಎಂದು ನೀನು ಬೆಳಿಗ್ಗೆ ಗುಂಪಿನಲ್ಲಿ ಕೇಳಿದ್ದನ್ನು ಓದಿದೆ. ಜೊತೆಗೆ ಕಳುಹಿಸಿದ ನಿಯಮಗಳ ಹಾಳೆಯನ್ನೂ ನಿಧಾನವಾಗಿ ಓದಿದೆ. ಇಷ್ಟೂ ಬೇಕು.

ನಮ್ಮ ಸಾಗರದ ಮನೆಯ ಅಂಗಳದ ಮೂಲೆಯಲ್ಲಿದ್ದ ಸಿಮೆಂಟಿನ ತೊಟ್ಟಿ ನಿನಗೆ ನೆನಪಿರಬೇಕು. ಗುಡ್ಡದ ಒರತೆಯ ನೀರು ಪೈಪಿನಲ್ಲಿ ಇಳಿದು ಹಗಲೂ ರಾತ್ರಿ ಅದಕ್ಕೆ ಬೀಳುತ್ತಿತ್ತು. ಅದರ ಎತ್ತರವೂ ಮೂರೇ ಅಡಿ. ಆ ವರ್ಷ ಮಳೆ ಹಿಡಿಯುವ ಹೊತ್ತಿಗೆ ಅಡಿಕೆಗೆ ಕೊಳೆ ರೋಗದ ಔಷಧಿ ಹೊಡೆಯಲು ಆಳುಗಳು ಬಂದಿದ್ದರು. ಮೈಲುತುತ್ತ, ಸುಣ್ಣ ಕದಡಲು ನೀರನ್ನು ಅಲ್ಲಿಂದಲೇ ಮೊಗೆಯುತ್ತಿದ್ದರು. ಯಾರೋ ಒಂದು ಮರದ ಪೆಟ್ಟಿಗೆಯನ್ನು ತೊಟ್ಟಿಯ ಗೋಡೆಗೆ ತಾಗಿಸಿ ಇಟ್ಟು ಹೋಗಿದ್ದರು. ನಿನ್ನ ಸಣ್ಣತ್ತೆಯ ಮಗನಿಗೆ ಆಗಿನ್ನೂ ಮೂರು ವರ್ಷ ತುಂಬಿರಲಿಲ್ಲ. ಜಗಲಿಯಲ್ಲಿ ಜನ ಕೂತಿದ್ದರು, ಅಡುಗೆಮನೆಯ ಕಿಟಕಿಯೂ ಆ ಕಡೆಗೇ ತೆರೆದಿತ್ತು. ಆದರೂ ಅವನು ಪೆಟ್ಟಿಗೆ ಹತ್ತಿದ್ದಾಗಲಿ, ಒಳಗೆ ಬಿದ್ದದ್ದಾಗಲಿ ಒಬ್ಬರ ಗಮನಕ್ಕೂ ಬರಲಿಲ್ಲ. ಮುಳುಗುವ ಮಗು ಕೂಗುವುದಿಲ್ಲ, ಏಕೆಂದರೆ ಕೂಗಲು ಉಸಿರು ಬೇಕು, ಅದಕ್ಕೆ ಆ ಹೊತ್ತಿನಲ್ಲಿ ಇಲ್ಲದಿರುವುದೇ ಉಸಿರು. ಕೊಡ ತುಂಬಿಸಲು ಬಂದ, ಅಡಿಕೆ ಮರ ಹತ್ತುವ ಆಳಾದ ಕೊನೆಗೌಡನ ಕಣ್ಣಿಗೆ ಬಿದ್ದದ್ದರಿಂದ, ಪಕ್ಕದ ಮನೆಗೆ ರಜೆಯಲ್ಲಿ ಬಂದಿದ್ದ ನರ್ಸ್ ಓಡಿಬಂದು ಬಾಯಿಗೆ ಬಾಯಿಟ್ಟು ಉಸಿರು ಊದಿದ್ದರಿಂದ, ಹುಡುಗ ಉಳಿದ.

ಆದ್ದರಿಂದ ಮೊದಲು ಹೇಳುವ ಮಾತು ಇದು: ಹತ್ತಲು ಬರುವ ಯಾವುದನ್ನೂ ನೀರಿನ ಪಕ್ಕದಲ್ಲಿ ಬಿಡಬೇಡ.

ಆಮೇಲೆ ನಡೆದದ್ದು ನನಗೆ ಇಂದಿಗೂ ನುಂಗಲಾಗದ ತುತ್ತು. ನಂಟರು, ನೆರೆಯವರು, ಅವಳ ಗಂಡನ ಮನೆಯವರು, ಎಲ್ಲರೂ ಸೇರಿ ಒಂದು ಮಗುವನ್ನು ನೋಡಿಕೊಳ್ಳಲಾಗದವಳು ಎಂದು ನಿನ್ನ ಸಣ್ಣತ್ತೆಯನ್ನೇ ಅಂದರು, ಅವಳು ಇರುವ ತನಕವೂ ಅಂದರು. ತೊಟ್ಟಿಗೆ ಮುಚ್ಚಳ ಏಕಿರಲಿಲ್ಲ ಎಂದು ಕೇಳಿದವರು ಯಾರೂ ಇಲ್ಲ. ಮರುವರ್ಷದ ಮದುವೆಗೆ ಮನೆಯ ಮುಂಭಾಗಕ್ಕೆಲ್ಲ ಬಣ್ಣ ಹೊಡೆಸಲು ಹಣ ಹೊಂದಿತು, ಒಂದು ಕಬ್ಬಿಣದ ಜಾಲರಿ ಮಾಡಿಸಲು ಮಾತ್ರ ಹೊಂದಲಿಲ್ಲ; ಹಣೆಬರಹ ಗಟ್ಟಿಯಿತ್ತು, ಉಳಿದ, ಇನ್ನೇನು ಎಂದು ಮಾತು ಮುಗಿಸಿದರು. ಹತ್ತು ಜನರಿಗೆ ಬಡಿಸುತ್ತಿರುವ ತಾಯಿಯ ಕಣ್ಣು ಎಷ್ಟು ಕಡೆ ಇದ್ದೀತು? ನೀನು ಕಳುಹಿಸಿದ ಹಾಳೆಯಲ್ಲಿ ನನಗೆ ತುಂಬ ಹಿಡಿಸಿದ್ದು ಇದೇ. ಅದು ತಾಯಿಯನ್ನು ದೂರುವುದಿಲ್ಲ, ಮಗುವಿಗೂ ನೀರಿಗೂ ನಡುವೆ ಏನಿದೆ ಎಂದು ಕೇಳುತ್ತದೆ. ಅಮೆರಿಕದಲ್ಲಿ 1ರಿಂದ 4 ವರ್ಷದೊಳಗಿನ ಮಕ್ಕಳ ಸಾವಿಗೆ ಮುಳುಗುವಿಕೆಯೇ ಮೊದಲ ಕಾರಣವಾಗಿರುವುದರಿಂದ ಅವರು ಹಾಗೆ ಕೇಳುತ್ತಾರೆ.

ಇನ್ನೊಮ್ಮೆ ಹೇಳುತ್ತೇನೆ, ಬೇಸರಪಡಬೇಡ. ಹತ್ತಲು ಬರುವ ಯಾವುದನ್ನೂ ನೀರಿನ ಪಕ್ಕದಲ್ಲಿ ಬಿಡಬೇಡ. ಏಣಿ ಮಾತ್ರವಲ್ಲ, ಕುರ್ಚಿ, ಆಟದ ಗಾಡಿ, ಗೋಡೆಗೆ ತಾಗಿ ಕೂತ ಪಂಪು, ಎಲ್ಲವೂ ಮಗುವಿಗೆ ಮೆಟ್ಟಿಲೇ.

ಇಷ್ಟೆಲ್ಲ ಹೇಳಿ ನೀನು ಕೇಳಿದ್ದಕ್ಕೆ ಈಗ ಬರುತ್ತಿದ್ದೇನೆ. ಅಲ್ಲಿ ಊರಿಂದ ಊರಿಗೆ ನಿಯಮ ಬೇರೆಯಾದರೂ ಬಹಳ ಕಡೆ ಅಳತೆ ಒಂದೇ: ನೀರಿನ ಆಳ 24 ಇಂಚು ದಾಟಬಲ್ಲ ಕೊಳಕ್ಕೆ ನಿಯಮ ಅನ್ವಯಿಸುತ್ತದೆ, ಸುತ್ತಲಿನ ತಡೆ ಕನಿಷ್ಠ 48 ಇಂಚು ಎತ್ತರವಿರಬೇಕು. ಕೊಳದ ಗೋಡೆಯೇ 48 ಇಂಚು ಇದ್ದಿದ್ದರೆ ಅದನ್ನೇ ತಡೆಯೆಂದು ಒಪ್ಪುವುದುಂಟು, ಆಗ ಏಣಿಯನ್ನು ತೆಗೆದಿಟ್ಟರೆ ಅಥವಾ ಅದಕ್ಕೆ ಬೀಗ ಹಾಕಿದರೆ ಸಾಕು. ನೀನು ಆರಿಸಿದ್ದರ ಗೋಡೆ 36 ಇಂಚು, ಆದ್ದರಿಂದ ಬೇಲಿ ತಪ್ಪುವುದಿಲ್ಲ. ಬೇಲಿಯ ಸಂದಿಯಲ್ಲಿ 4 ಇಂಚಿನ ಚೆಂಡು ತೂರಬಾರದು. ಅದರ ಗೇಟು ಕೊಳದಿಂದ ಹೊರಮುಖವಾಗಿ ತೆರೆದು, ಕೈಬಿಟ್ಟೊಡನೆ ತಾನೇ ಮುಚ್ಚಿ, ಚಿಲಕವೂ ತಾನೇ ಬೀಳುವಂಥದ್ದಾಗಿರಬೇಕು. ಮನೆಯ ಗೋಡೆಯನ್ನೇ ನಾಲ್ಕನೆಯ ಬದಿ ಮಾಡಿಕೊಂಡರೆ ಹಿಂಬಾಗಿಲಿಗೆ ಅಲಾರಂ ಕೇಳುತ್ತಾರೆ. ಅದರ ಬದಲು ನಾಲ್ಕೂ ಬದಿಗೆ ಬೇಲಿ ಹಾಕಿಸುವುದು ಮೇಲೆಂದು ನನ್ನ ಅಭಿಪ್ರಾಯ, ಏಕೆಂದರೆ ನಿನ್ನ ಮಕ್ಕಳು ಹೊರಗೆ ಓಡುವುದೇ ಆ ಬಾಗಿಲಿನಿಂದ.

ಪಂಪಿಗೆ ಎಕ್ಸ್‌ಟೆನ್ಷನ್ ವೈರ್ ಎಳೆಯಬೇಡಿ. ಕರೆಂಟು ಸೋರಿದೊಡನೆ ಕಡಿಯುವ, ಅಲ್ಲಿ ಜಿಎಫ್‌ಸಿಐ ಎನ್ನುವ ಸಾಧನವನ್ನು ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕೈಯಿಂದಲೇ ಹಾಕಿಸಿ. ಹನ್ನೆರಡಡಿ ಅಗಲದ ದುಂಡು ಕೊಳದಲ್ಲಿ ಎರಡೂವರೆ ಅಡಿ ನೀರು ನಿಂತರೆ ಸುಮಾರು ಎಂಟು ಟನ್ ಭಾರವಾಗುತ್ತದೆ. ಅಳಿಯಂದಿರು ಅದನ್ನು ಮರದ ಹಲಗೆಯ ಡೆಕ್ಕಿನ ಮೇಲೆ ಇಡೋಣ ಎಂದರೆ ಒಪ್ಪಬೇಡ, ಮಟ್ಟ ಮಾಡಿದ ಗಟ್ಟಿ ನೆಲವೇ ಆಗಬೇಕು.

ಕೊಳಕ್ಕೆ ಹಣ ಕಟ್ಟುವ ಮೊದಲು ನಿವೇಶನದ ನಕ್ಷೆಯಲ್ಲಿ ಅದರ ಜಾಗ ಗುರುತಿಸಿ ಕಚೇರಿಗೆ ಹೋಗಿ, ಗಡಿಯಿಂದಲೂ ಮೇಲಿನ ವಿದ್ಯುತ್ ತಂತಿಯಿಂದಲೂ ಎಷ್ಟು ದೂರ ಬಿಡಬೇಕೆಂದು, ನೀರು ತುಂಬುವ ಮೊದಲು ತಪಾಸಣೆ ಉಂಟೇ ಎಂದು ಕೇಳಿ ಬರೆದುಕೊಳ್ಳಿ. ನಿಮ್ಮ ಬಡಾವಣೆಯ ಸಂಘವಿದ್ದರೆ ಅವರ ಒಪ್ಪಿಗೆ ಬೇರೆಯೇ ಬೇಕಾದೀತು. ನಕ್ಷೆ ಬರೆದ ಮೇಲೆ ಇಲ್ಲಿಗೂ ಒಂದು ಪ್ರತಿ ಹಾಕು, ಗೇಟು ಯಾವ ಕಡೆಗೆ ತೆರೆಯುತ್ತದೆಂದು ನಾನೂ ನೋಡುತ್ತೇನೆ.