ಅಪ್‌ಡೇಟ್: ಹೊಸ ಆಫೀಸಿನ ಸರ್ವರ್ ಸಮಸ್ಯೆ ಬಗೆಹರಿಯಿತು

ಹೋದ ವಾರ ಕೇಳಿದ್ದೆ: ಹೊಸ ಆಫೀಸಿನಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರ್ ಸರ್ವರ್‌ನಲ್ಲಿ ಚೆನ್ನಾಗಿ ಓಪನ್ ಆಗುತ್ತೆ, ಉಳಿದ ಎಂಟು ಕಂಪ್ಯೂಟರ್‌ಗಳಲ್ಲಿ ಕೆಲವಕ್ಕೆ ಮಾತ್ರ ಸಿಗುತ್ತೆ, ಅದೂ ದಿನಕ್ಕೊಂದು ಥರ ಅಂತ. ಈಗ ಎಲ್ಲಾ ಸರಿಹೋಗಿದೆ.

ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿದ್ದಕ್ಕೆ ಅರ್ಧ ದಿನ ಹೋಯಿತೇ ಹೊರತು ಪ್ರಯೋಜನವಾಗಲಿಲ್ಲ. ಆಂಟಿವೈರಸ್ ಆಫ್ ಮಾಡಿದ್ದೂ ಅಷ್ಟೇ. ಕೈಹಿಡಿದದ್ದು "ಸಿಗುವ ಮಷೀನ್, ಸಿಗದ ಮಷೀನ್ ಎರಡರಲ್ಲೂ ಐಪಿಕಾನ್ಫಿಗ್ ಕೊಟ್ಟು ಹೋಲಿಸಿ ನೋಡಿ" ಅಂದವರ ಮಾತು (ಐಪಿಕಾನ್ಫಿಗ್ ಅಂದರೆ ಕಂಪ್ಯೂಟರ್‌ನ ನೆಟ್‌ವರ್ಕ್ ಅಡ್ರೆಸ್, ಅಂದರೆ ಐಪಿ, ತೋರಿಸುವ ಕಮಾಂಡ್). ಒಂದರಲ್ಲಿ 192.168.1.24, ಇನ್ನೊಂದರಲ್ಲಿ 192.168.0.103! ಗೇಟ್‌ವೇ (ಹೊರಗಿನ ನೆಟ್‌ವರ್ಕ್‌ಗೆ ದಾರಿಯಾಗುವ ರೌಟರ್‌ನ ಅಡ್ರೆಸ್) ಕೂಡ ಬೇರೆ. ಅಂದರೆ ಎರಡೂ ಬೇರೆ ಬೇರೆ ನೆಟ್‌ವರ್ಕ್‌ನಲ್ಲಿದ್ದವು. ವೈಫೈಗೆಂದು ನೆಟ್‌ವರ್ಕ್ ಸ್ವಿಚ್‌ಗೆ (ಕೇಬಲ್‌ಗಳೆಲ್ಲ ಸೇರುವ ಪೆಟ್ಟಿಗೆ) ಸಿಕ್ಕಿಸಿದ್ದ ಎರಡನೇ ರೌಟರ್ ಕೂಡ ಡಿಎಚ್‌ಸಿಪಿಯಿಂದ (ಕಂಪ್ಯೂಟರ್‌ಗಳಿಗೆ ತಾನಾಗಿಯೇ ಅಡ್ರೆಸ್ ಕೊಡುವ ವ್ಯವಸ್ಥೆ) ಅಡ್ರೆಸ್ ಹಂಚುತ್ತಿತ್ತು. ಬೆಳಿಗ್ಗೆ ಕಂಪ್ಯೂಟರ್ ಆನ್ ಮಾಡಿದಾಗ ಯಾವ ರೌಟರ್ ಮೊದಲು ಉತ್ತರ ಕೊಡುತ್ತೋ ಅದರ ಅಡ್ರೆಸ್ ಬರುತ್ತಿತ್ತು. ದಿನಕ್ಕೊಂದು ಥರ ಆಗುತ್ತಿದ್ದದ್ದು ಇದಕ್ಕೇ.

ಆ ರೌಟರ್‌ನಲ್ಲಿ ಡಿಎಚ್‌ಸಿಪಿ ಆಫ್ ಮಾಡಿದೆ. ಸರ್ವರ್‌ಗೆ ಡಿಎಚ್‌ಸಿಪಿ ಹಂಚುವ ನಂಬರ್‌ಗಳ ಆಚೆಗಿನ ಒಂದು ಸ್ಥಿರ (ಬದಲಾಗದ) ಐಪಿ ಕೊಟ್ಟೆ.

ಆಮೇಲೆ ಆದದ್ದು ನಾನು ನಿರೀಕ್ಷಿಸಿರದ ವಿಷಯ: ಈ ಸಲ ಯಾರಿಗೂ ಸರ್ವರ್ ಸಿಗಲಿಲ್ಲ! ಸರ್ವರ್‌ನ ವಿಂಡೋಸ್ ಇದನ್ನು ಹೊಸ ನೆಟ್‌ವರ್ಕ್ ಎಂದು ಎಣಿಸಿ ಪಬ್ಲಿಕ್ ಪ್ರೊಫೈಲ್‌ಗೆ (ನಂಬಿಕೆಯಿಲ್ಲದ ನೆಟ್‌ವರ್ಕ್‌ಗಳಿಗಿರುವ ಬಿಗಿ ಸೆಟ್ಟಿಂಗ್) ಹಾಕಿತ್ತು. ಬೇರೆ ಕಂಪ್ಯೂಟರ್‌ಗಳನ್ನು ಒಳಗೆ ಬಿಡುವ ನಮ್ಮ ಫೈರ್‌ವಾಲ್ ರೂಲ್ ಇದ್ದದ್ದು ಪ್ರೈವೇಟ್ ಪ್ರೊಫೈಲ್‌ಗೆ ಮಾತ್ರ. ಪ್ರೊಫೈಲ್ ಪ್ರೈವೇಟ್‌ಗೆ ಬದಲಿಸಿ, ಬೇರೆ ಕಂಪ್ಯೂಟರ್‌ನ ಪವರ್‌ಶೆಲ್‌ನಿಂದ (ಕಮಾಂಡ್ ಕೊಡುವ ವಿಂಡೋ) ಟೆಸ್ಟ್-ನೆಟ್‌ಕನೆಕ್ಷನ್ ಎಂಬ ಕಮಾಂಡ್ ಕೊಟ್ಟು ಎಸ್‌ಕ್ಯೂಎಲ್ ಸರ್ವರ್‌ನ (ಡೇಟಾ ಇಡುವ ಡೇಟಾಬೇಸ್ ಸಾಫ್ಟ್‌ವೇರ್) 1433 ಪೋರ್ಟ್, ಅಂದರೆ ಸಂಪರ್ಕದ ಬಾಗಿಲು, ತೆರೆದಿದೆಯೇ ಎಂದು ನೋಡಿದೆ. ಫಾಲ್ಸ್ ಅಂತಿದ್ದದ್ದು ಟ್ರೂ ಆಯಿತು. ಫೈರ್‌ವಾಲ್ ಪೂರ್ತಿ ಆಫ್ ಮಾಡುವ ಅಗತ್ಯವೇ ಬೀಳಲಿಲ್ಲ, ದಯವಿಟ್ಟು ನೀವೂ ಮಾಡಬೇಡಿ.

ನಾಲ್ಕು ದಿನದಿಂದ ಎಂಟೂ ಕಂಪ್ಯೂಟರ್‌ಗಳಲ್ಲಿ ಬಿಲ್ ಆಗುತ್ತಿದೆ. ಐಪಿಕಾನ್ಫಿಗ್ ಹೇಳಿಕೊಟ್ಟವರಿಗೆ ತುಂಬು ಮನಸ್ಸಿನ ಧನ್ಯವಾದ.