ಆಗುಂಬೆಗೆ ಒಂದೇ ದಿನದಲ್ಲಿ ಹೋಗಿ ಬರಲು: ಹಳೇ ಮನೆ, ಕಷಾಯ, ಸೂರ್ಯಾಸ್ತ

ದಾರಿಹೋಕ ಕೇಳಿದ್ದು

ನವೆಂಬರ್ ಎರಡನೇ ವಾರ ಶಿವಮೊಗ್ಗದಿಂದ ಬೆಳಿಗ್ಗೆ ಹೊರಟು ರಾತ್ರಿ ವಾಪಸ್ ಬರುವ ಹಾಗೆ ಆಗುಂಬೆಗೆ ಹೋಗಬೇಕು ಅಂತಿದೆ. ಐದು ಜನ, ಸ್ವಂತ ಕಾರು. ಅಮ್ಮನಿಗೆ 68, ಮಂಡಿನೋವು. ಮಕ್ಕಳಿಗೆ 7 ಮತ್ತು 11. ನೋಡಬೇಕಾದ ಜಾಗಗಳ ಪಟ್ಟಿ ಮುಗಿಸುವ ಆಸೆ ಇಲ್ಲ. ಹಂಚಿನ ಮನೆಗಳ ಬೀದಿ, ಜಗಲಿಯಲ್ಲಿ ಕೂತು ಒಂದು ಲೋಟ ಕಷಾಯ, ಸಂಜೆ ಸೂರ್ಯಾಸ್ತ, ಇಷ್ಟು ಸಿಕ್ಕರೆ ಸಾಕು.

ಎಷ್ಟು ಹೊತ್ತಿಗೆ ಹೊರಡಬೇಕು, ದಾರಿಯಲ್ಲಿ ಯಾವುದಕ್ಕೆ ನಿಲ್ಲಬಹುದು, ಯಾವುದನ್ನು ಬಿಡಬೇಕು? ಹಳೇ ಮನೆಯಲ್ಲಿ ಊಟ, ಕಷಾಯ ಕೇಳುವುದು ಹೇಗೆ, ಸುಮ್ಮನೆ ಹೋಗಿ ಬಾಗಿಲು ತಟ್ಟಬಹುದೇ? ಇನ್ನೊಂದು, ಮಲೆನಾಡಿನ ಕಷಾಯದ ಪುಡಿ ಮನೆಯಲ್ಲೇ ಮಾಡುವ ಅಳತೆ ಯಾರಾದರೂ ಹೇಳಿ. ನಮ್ಮಲ್ಲಿ ಮಾಡಿದಾಗಲೆಲ್ಲ ಹಾಲು ಒಡೆಯುತ್ತದೆ.

ತುಂಗೆಯ ದಂಡೆ

ಆಸೆ ಇಷ್ಟಕ್ಕೇ ನಿಲ್ಲಿಸಿದ್ದೀರಲ್ಲ, ಅರ್ಧ ಕೆಲಸ ಆದ ಹಾಗೆಯೇ. ಸಕ್ರೆಬೈಲು, ಕುಂದಾದ್ರಿ, ಜೋಗಿಗುಂಡಿ, ಶೃಂಗೇರಿ ಎಲ್ಲವನ್ನೂ ಒಂದೇ ದಿನಕ್ಕೆ ತುರುಕಿದರೆ ಸೂರ್ಯ ಮುಳುಗುವ ಹೊತ್ತಿಗೆ ನೀವು ಇನ್ನೂ ಶೃಂಗೇರಿ ರಸ್ತೆಯಲ್ಲೇ ಇರುತ್ತೀರಿ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ 60 ಕಿ.ಮೀ.ಗೆ ಸ್ವಲ್ಪ ಮೇಲೆ, ಅಲ್ಲಿಂದ ಆಗುಂಬೆಗೆ 30 ಚಿಲ್ಲರೆ. ಲೆಕ್ಕಕ್ಕೆ ಎರಡು ಗಂಟೆಯ ದಾರಿ, ಮಕ್ಕಳನ್ನು ಕಟ್ಟಿಕೊಂಡು ಹೋಗುವಾಗ ಎರಡೂವರೆ, ಮೂರು ಅಂತ ಇಟ್ಟುಕೊಳ್ಳಿ. ಬೆಳಿಗ್ಗೆ 7ಕ್ಕೆ ಶಿವಮೊಗ್ಗ ಬಿಡಿ. ಸಕ್ರೆಬೈಲಿನ ಆನೆ ಬಿಡಾರ ಇದೇ ದಾರಿಯಲ್ಲಿ, ಊರಿಂದ 14 ಕಿ.ಮೀ. ಆನೆಗಳ ಸ್ನಾನ ನಡೆಯುವುದು ಬೆಳಿಗ್ಗೆ ಎಂಟೂವರೆಯಿಂದ 11ರ ತನಕ. ಅದಕ್ಕೆ ಕಾದರೆ ಬೆಳಗಿನ ಎರಡು ಗಂಟೆ ಅಲ್ಲೇ ಕರಗುತ್ತದೆ, ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಮಂಡಗದ್ದೆಯಲ್ಲಿ ಮಾತ್ರ ಹತ್ತು ನಿಮಿಷ ನಿಲ್ಲಿಸಿ. ತುಂಗೆಯ ನಡುಗಡ್ಡೆಯ ಮರಗಳ ಮೇಲೆ ಹಕ್ಕಿಗಳು ಕೂರುವ ಜಾಗ ರಸ್ತೆಗೆ ತಾಗಿಕೊಂಡೇ ಇದೆ, ಅಮ್ಮ ಹೆಚ್ಚು ನಡೆಯಬೇಕಾಗಿಲ್ಲ. ನವೆಂಬರಿನಲ್ಲಿ ಗೂಡು ಕಟ್ಟುವ ಕಾಲ ಮುಗಿಯುತ್ತ ಬಂದಿರುತ್ತದೆ, ಹಾಗಾಗಿ ಮಳೆಗಾಲದಷ್ಟು ಹಕ್ಕಿ ಕಾಣದಿದ್ದರೆ ಬೇಜಾರಾಗಬೇಡಿ.

ತಿಂಡಿ ತೀರ್ಥಹಳ್ಳಿಯಲ್ಲಿ. ಕಡುಬು, ನೀರುದೋಸೆ, ಏನು ಬಿಸಿ ಇದೆಯೋ ಅದು. ಆದರೆ ಮಕ್ಕಳಿಗೆ ಹೊಟ್ಟೆ ಬಿರಿಯ ತಿನ್ನಿಸಬೇಡಿ, ಮುಂದಿನ ದಾರಿ ತಿರುವಿನದ್ದು. ಪೆಟ್ರೋಲ್, ನಗದು, ಮಾತ್ರೆ ಎಲ್ಲ ಇಲ್ಲೇ ಮುಗಿಸಿಕೊಳ್ಳಿ. ಮುಂದೆ ನೆಟ್‌ವರ್ಕ್ ಬಂದು ಹೋಗಿ ಮಾಡುತ್ತದೆ, ಫೋನಿನಲ್ಲೇ ದುಡ್ಡು ಕೊಡುತ್ತೇನೆ ಅಂತ ನೆಚ್ಚಿಕೊಂಡರೆ ಕಷ್ಟ.

ಆಗುಂಬೆಗೆ 12ರ ಒಳಗೆ ತಲುಪಿ ಊಟ ಮಾಡಿ. ಊಟ ಆದ ಮೇಲೆ ಏನೂ ಇಟ್ಟುಕೊಳ್ಳಬೇಡಿ. ಬೀದಿಯಲ್ಲಿ ನಡೆಯಿರಿ, ಜಗಲಿಯಲ್ಲಿ ಕೂರಿ. 4ಕ್ಕೆ ಕಷಾಯ ಕುಡಿದು 5ಕ್ಕೆಲ್ಲ ಸೂರ್ಯಾಸ್ತದ ಕಟ್ಟೆ ಹತ್ತಿರ ಇರಬೇಕು. ಅದು ಊರಿಂದ ಸುಮಾರು 2 ಕಿ.ಮೀ., ಸೋಮೇಶ್ವರದ ಕಡೆ ಇಳಿಯುವ ದಾರಿಯಲ್ಲೇ. ನವೆಂಬರ್ ನಡುವಿನಲ್ಲಿ ಸೂರ್ಯ ಮುಳುಗುವುದು 6ರ ಆಸುಪಾಸು. ಆದರೆ ಕಡಲ ಕಡೆ ಮಬ್ಬು ಕವಿದಿದ್ದರೆ ಕೆಂಪು ಬಿಂಬ ದಿಗಂತ ಮುಟ್ಟುವ ಮೊದಲೇ, ಹತ್ತು ಹದಿನೈದು ನಿಮಿಷ ಮುಂಚೆ ಕರಗಿಹೋಗುತ್ತದೆ. ಐದೂಮುಕ್ಕಾಲಿಗೆ ಓಡಿ ಬಂದವರು ಬರೀ ಬೂದು ಆಕಾಶ ನೋಡಿ ತಿರುಗುವುದು ಇದರಿಂದಲೇ.

ಹಂಚಿನ ಮಾಡು

ಮನೆಯ ವಿಷಯ ನಾನು ಹೇಳುತ್ತೇನೆ. ಶಂಕರ್ ನಾಗ್ ಅವರ ‘ಮಾಲ್ಗುಡಿ ಡೇಸ್’ ಧಾರಾವಾಹಿಯಿಂದ ನಾಡಿಗೆಲ್ಲ ಗೊತ್ತಾದ ದೊಡ್ಡಮನೆ ಇರುವುದು ಆಗುಂಬೆಯಲ್ಲೇ, ಯಾರನ್ನು ಕೇಳಿದರೂ ತೋರಿಸುತ್ತಾರೆ. ಆದರೆ ದಯವಿಟ್ಟು ಒಂದು ಮಾತು ಮನಸ್ಸಿನಲ್ಲಿಡಿ: ಅದು ಜನ ಬಾಳುವ ಮನೆ, ಹೋಟೆಲಲ್ಲ. ಊಟಕ್ಕೆ ಐದು ಜನ ಬರುತ್ತೀವಿ ಅಂತ ಹಿಂದಿನ ದಿನವೇ ವಿಚಾರಿಸಿ, ಅವರು ಆಗುತ್ತದೆ ಅಂದರೆ ಮಾತ್ರ ಹೋಗಿ. ಹಬ್ಬ, ಮನೆಯ ಕಾರ್ಯ, ಕಾಯಿಲೆ ಕಸಾಲೆ ಇದ್ದರೆ ಆಗುವುದಿಲ್ಲ ಅನ್ನಬಹುದು. ಆಗ ಬೇಸರ ಮಾಡದೆ ಪೇಟೆಯ ಹೋಟೆಲಿನಲ್ಲಿ ಊಟ ಮಾಡಿ. ಇದೇ ಪದ್ಧತಿ ಮಲೆನಾಡಿನ ಯಾವ ಹಳೇ ಮನೆಗಾದರೂ ಸರಿ.

ಚಪ್ಪಲಿ ಅಂಗಳದಲ್ಲೇ ಬಿಡಿ. ಜಗಲಿಯ ತನಕ ಯಾರೂ ಬರಬಹುದು, ಅಲ್ಲಿಂದ ಒಳಗೆ ಕರೆದರೆ ಮಾತ್ರ. ಅಡುಗೆಮನೆ, ದೇವರಮನೆ ಕಡೆ ಮೊಬೈಲ್ ಹಿಡಿದು ನುಗ್ಗಬೇಡಿ. ಬಿಲ್ಲು ಬರುತ್ತದೆ ಅಂತ ಕೂರಬೇಡಿ, ಹೊರಡುವಾಗ ನೀವೇ ಕೇಳಿ ಕೊಡಿ. ‘ಏನೂ ಬೇಡ’ ಅಂದರೂ ತೀರ್ಥಹಳ್ಳಿಯ ಒಳ್ಳೆ ಹೋಟೆಲಿನಲ್ಲಿ ಐದು ಊಟಕ್ಕೆ ಎಷ್ಟಾಗುತ್ತದೋ ಅದಕ್ಕಿಂತ ಕಡಿಮೆ ಇಡಬೇಡಿ.

ಮನೆಯನ್ನೂ ಸ್ವಲ್ಪ ಗಮನಿಸಿ. ನಡುವೆ ತೊಟ್ಟಿ, ಸುತ್ತ ಜಗಲಿ, ಮಾಡಿನ ನೀರೆಲ್ಲ ತೊಟ್ಟಿಗೆ ಇಳಿದು ಕಲ್ಲಿನ ಮೋರಿಯಲ್ಲಿ ಹೊರಹೋಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ ಸುಮಾರು 7,600 ಮಿ.ಮೀ. ಮಳೆ. ಮಾಡು ಅಷ್ಟು ಇಳಿಜಾರಾಗಿ, ಗೋಡೆಯಿಂದ ಅಷ್ಟು ಮುಂದಕ್ಕೆ ಚಾಚಿರುವುದು ಆ ಮಳೆಗಾಗಿ. ಮಣ್ಣಿನ ಗೋಡೆಗೆ ಎರಚಲು ಬಿದ್ದರೆ ಮನೆ ಉಳಿಯುವುದಿಲ್ಲ. ಮಕ್ಕಳಿಗೆ ಇದನ್ನು ಅಲ್ಲೇ ತೋರಿಸಿ ಹೇಳಿ.

ಈಗ ಕಷಾಯ. ಪುಡಿಗೆ ಕೊತ್ತಂಬರಿ ಬೀಜ 200 ಗ್ರಾಂ, ಜೀರಿಗೆ 100, ಬಡೆಸೋಂಪು 25, ಕಾಳುಮೆಣಸು 20, ಒಣಶುಂಠಿ 20, ಮೆಂತ್ಯ ಒಂದೇ ಟೀ ಚಮಚ, ಏಲಕ್ಕಿ ಹತ್ತು, ಜಾಯಿಕಾಯಿ ಕಾಲು ಭಾಗ. ಮನೆಮನೆಗೂ ಅಳತೆ ಬೇರೆ, ಇದು ಮಕ್ಕಳೂ ಕುಡಿಯುವಷ್ಟು ಖಾರದ್ದು. ಒಂದೊಂದನ್ನೇ ಬೇರೆ ಬೇರೆ ಹುರಿಯಬೇಕು, ಒಟ್ಟಿಗೆ ಹಾಕಿದರೆ ಕೊತ್ತಂಬರಿ ಬೆಚ್ಚಗಾಗುವಷ್ಟರಲ್ಲಿ ಜೀರಿಗೆ ಸೀದಿರುತ್ತದೆ. ಕೊತ್ತಂಬರಿಗೆ ಸಣ್ಣ ಉರಿ. ಬಾಣಲೆಯಲ್ಲಿ ಕೈಯಾಡಿಸುವಾಗ ಮೊದಲು ಹಸಿ ವಾಸನೆ ಹೋಗುತ್ತದೆ, ಆಮೇಲೆ ಕಾಳು ಹಗುರಾಗಿ ಸರಸರ ಸದ್ದು ಮಾಡುತ್ತದೆ. ಬಣ್ಣ ತಿರುಗುವುದಕ್ಕೆ ಕಾಯದೆ ಆಗಲೇ ಇಳಿಸಿ, ಕಂದಿದರೆ ಕಷಾಯ ಕಹಿ. ಮೆಂತ್ಯ ಜಾಸ್ತಿಯಾದರೂ ಅದೇ ಕಥೆ. ಏಲಕ್ಕಿ, ಜಾಯಿಕಾಯಿ ಹುರಿಯುವುದು ಬೇಡ. ಎಲ್ಲ ಪೂರ್ತಿ ಆರಿದ ಮೇಲೆ ಪುಡಿ ಮಾಡಿ, ಬಿಸಿ ಇರುವಾಗ ಡಬ್ಬಿ ಮುಚ್ಚಿದರೆ ಬೆವರಿ ಗಂಟು ಕಟ್ಟುತ್ತದೆ.

ಒಂದು ಲೋಟಕ್ಕೆ ನೀರು 150 ಮಿ.ಲೀ., ಪುಡಿ ಒಂದು ಟೀ ಚಮಚ, ಬೆಲ್ಲ ಎರಡು ಚಮಚ. ಜೋನಿಬೆಲ್ಲ (ನೀರಾಗಿರುವ ಬೆಲ್ಲ) ಸಿಕ್ಕರೆ ಇನ್ನೂ ಒಳ್ಳೆಯದು. ಮೂರು ನಾಲ್ಕು ನಿಮಿಷ ಕುದಿಸಿ, ಇಳಿಸಿ ಮುಚ್ಚಿಡಿ, ಗಷ್ಟು ತಳಕ್ಕೆ ಕೂರುತ್ತದೆ. ಸೋಸಿದ ಮೇಲೆ ಬಿಸಿ ಹಾಲು 50 ಮಿ.ಲೀ. ಬೆರೆಸಿ, ಮತ್ತೆ ಒಲೆಗೆ ಇಡಬೇಡಿ. ನಿಮ್ಮಲ್ಲಿ ಹಾಲು ಒಡೆಯುವುದು ಬೆಲ್ಲ, ಹಾಲು ಎರಡನ್ನೂ ಒಟ್ಟಿಗೆ ಕುದಿಸುವುದರಿಂದ ಇರಬೇಕು. ಬೆಲ್ಲದಲ್ಲಿ ಸಣ್ಣ ಹುಳಿ ಇರುತ್ತದೆ, ಹಳೇ ಬೆಲ್ಲದಲ್ಲಿ ಇನ್ನೂ ಹೆಚ್ಚು, ಕುದಿಗೆ ಅದು ಹಾಲನ್ನು ಒಡೆಸುತ್ತದೆ. ಒಣಶುಂಠಿ ಬದಲು ಹಸಿಶುಂಠಿ ಜಜ್ಜಿ ಹಾಕುತ್ತಿದ್ದರೆ ಅದೂ ಕಾರಣ. ಹಸಿಶುಂಠಿಯ ರಸಕ್ಕೆ ಹಾಲು ಹೆಪ್ಪಾಗಿಸುವ ಗುಣ ಇದೆ, ನೀರಿನಲ್ಲಿ ಚೆನ್ನಾಗಿ ಕುದಿಸಿದರೆ ಆ ಗುಣ ಹೋಗುತ್ತದೆ.

ಉಂಬಳದೂರು

ಮಂಡಿನೋವಿನವರ ಬಗ್ಗೆ ಸ್ವಲ್ಪ. ಕುಂದಾದ್ರಿಗೆ ಹೋಗಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಗುಡ್ಡೇಕೇರಿಯಲ್ಲಿ ತಿರುಗಬೇಕು, ಮೇಲೆ ಪಾರ್ಶ್ವನಾಥ ಬಸದಿ, ಪಕ್ಕದಲ್ಲಿ ಕಲ್ಲಿನ ಕೊಳ, ಬೆಳಗಿನ ಮಂಜು ಕೆಳಗಿನ ಕಣಿವೆಯಲ್ಲಿ ನಿಂತಿದ್ದರೆ ಅಷ್ಟು ಚಂದದ ನೋಟ ಇನ್ನೊಂದಿಲ್ಲ. ಆದರೆ ಕೊನೆಯ ಏರು ಕಡಿದು, ರಸ್ತೆ ಕಿರಿದು, ಕಾರು ನಿಲ್ಲಿಸಿದ ಮೇಲೂ ಮೆಟ್ಟಿಲು ಹತ್ತಬೇಕು. ಅಮ್ಮನಿಗೆ ಬೇಡ.

ಅದರ ಬದಲು ಕುಪ್ಪಳ್ಳಿಯ ಕವಿಮನೆಗೆ ಹೋಗಿ. ತೀರ್ಥಹಳ್ಳಿಯಿಂದ ಕೊಪ್ಪ ರಸ್ತೆಯಲ್ಲಿ ಸುಮಾರು 16 ಕಿ.ಮೀ. ಕುವೆಂಪು ಬೆಳೆದ ಮರದ ಕಂಬಗಳ ತೊಟ್ಟಿಮನೆ ಈಗ ವಸ್ತುಸಂಗ್ರಹಾಲಯ. ಮಹಡಿಯ ಮರದ ಏಣಿ ಕಡಿದಾಗಿದೆ, ಅಮ್ಮ ಕೆಳಗಿನ ಜಗಲಿಯಲ್ಲೇ ಕೂರಲಿ, ಮಕ್ಕಳು ಮೇಲೆ ಹೋಗಿ ಬರಲಿ. ಬಾಣಂತಿ ಕೋಣೆ, ಅಡುಗೆ ಸಾಮಾನು, ಕೃಷಿ ಸಲಕರಣೆ ಎಲ್ಲ ನೋಡಲು ಒಂದು ಗಂಟೆ ಸಾಕು. ವಾಪಸ್ ತೀರ್ಥಹಳ್ಳಿಗೇ ಬಂದು ಆಗುಂಬೆ ರಸ್ತೆ ಹಿಡಿಯಿರಿ. ಒಳದಾರಿ ಇದೆ ಅಂತ ಮ್ಯಾಪ್ ತೋರಿಸಬಹುದು, ನಡುವೆ ಸಿಗ್ನಲ್ ಹೋದರೆ ತೋಟದ ಬೇಲಿ ಮುಂದೆ ನಿಲ್ಲುತ್ತೀರಿ. ಇದನ್ನು ಸೇರಿಸಿದರೆ ಆಗುಂಬೆಗೆ ತಲುಪುವುದು ಒಂದು ಗಂಟೆಗೆ, ಊಟಕ್ಕೆ ಹೇಳುವಾಗ ಆ ಹೊತ್ತೇ ಹೇಳಿ.

ಬರ್ಕಣ, ಒನಕೆ ಅಬ್ಬಿ ಜಲಪಾತಗಳ ಕಡೆ ಹೋಗುವ ಯೋಚನೆ ಬಿಡಿ. ಕಾಡಿನ ದಾರಿ, ಅರಣ್ಯ ಇಲಾಖೆಯ ಅನುಮತಿ ಬೇಕು. ನವೆಂಬರಿನಲ್ಲೂ ನೆರಳಿನ ತರಗೆಲೆಯಲ್ಲಿ ಉಂಬಳ (ರಕ್ತ ಹೀರುವ ಜಿಗಣೆ) ಇರುತ್ತವೆ. ಹತ್ತಿದರೆ ಜಗ್ಗಿ ಎಳೆಯಬೇಡಿ, ಕಚ್ಚಿಕೊಂಡ ಬಾಯಿಯ ಪಕ್ಕ ಉಗುರು ಒತ್ತಿ ಚರ್ಮದಿಂದ ಸರಿಸಿ, ಬಿಟ್ಟುಬಿಡುತ್ತದೆ. ಉಪ್ಪು ಸುರಿದರೆ ಹೀರಿದ್ದನ್ನು ಗಾಯಕ್ಕೇ ಕಕ್ಕುತ್ತದೆ. ಅದರ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಹಾಗಾಗಿ ಸುಮಾರು ಹೊತ್ತು ಸೋರುತ್ತದೆ. ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, ಮಕ್ಕಳು ಹೆದರದ ಹಾಗೆ ಮೊದಲೇ ಹೇಳಿಡಿ.

ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ಸೂರ್ಯಾಸ್ತಕ್ಕೆ ಅಷ್ಟೂ ಇಳಿಯಬೇಕಾಗಿಲ್ಲ, ಇಳಿಯುವಷ್ಟು ದೂರ ಎರಡನೇ ಗೇರಿನಲ್ಲೇ ಇರಿ. ಹತ್ತಿ ಬರುವ ಗಾಡಿಗೆ ದಾರಿ ಬಿಡಿ. ತಿರುವಿನಲ್ಲಿ ಕಾರು ನಿಲ್ಲಿಸಬೇಡಿ, ಉಡುಪಿ ಕಡೆಯ ಮಿನಿಬಸ್ಸುಗಳಿಗೆ ತಿರುಗಲು ಜಾಗವಿಲ್ಲದೆ ಇಡೀ ಸಾಲು ನಿಂತುಬಿಡುತ್ತದೆ. ಅಲ್ಲಿನ ಮಂಗಗಳಿಗೆ ತಿಂಡಿ ಹಾಕಬೇಡಿ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೂ ಮಕ್ಕಳ ಮೇಲೆ ಎರಗುತ್ತವೆ.

ದಾರಿಹೋಕ

ತುಂಬಾ ಉಪಕಾರವಾಯಿತು. ಕುಂದಾದ್ರಿ ಬಿಟ್ಟೆ, ಕುಪ್ಪಳ್ಳಿ ಇಟ್ಟುಕೊಂಡೆ. ಕೊನೇ ಪ್ರಶ್ನೆ: ಆ ದಿನ ಮೋಡ ಇದ್ದರೆ? ಕಾರು ಕೈಕೊಟ್ಟರೆ ಬಸ್ಸಿನಲ್ಲಿ ಇದೇ ಲೆಕ್ಕ ನಡೆಯುತ್ತದಾ?

ತುಂಗೆಯ ದಂಡೆ

ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಇದ್ದರೆ ಎರಡು ಮೂರು ದಿನ ಇಲ್ಲೂ ಮೋಡ ಕಟ್ಟಬಹುದು. ಹವಾಮಾನ ನೋಡಿ ದಿನ ಮುಂದೂಡಲು ಆದರೆ ಮುಂದೂಡಿ. ಡಿಸೆಂಬರ್, ಜನವರಿಯಲ್ಲಿ ಆಕಾಶ ಇನ್ನೂ ತಿಳಿಯಾಗಿರುತ್ತದೆ. ಆಗದಿದ್ದರೆ ಕಟ್ಟೆಗೆ ಹೋಗದೆ ಜಗಲಿಯಲ್ಲೇ ಇನ್ನೊಂದು ಲೋಟ ಕಷಾಯ ಕುಡಿದು ಬೆಳಕಿರುವಾಗಲೇ ಹೊರಡಿ, ಮಂಜು ಇಳಿದ ಮೇಲೆ ತೀರ್ಥಹಳ್ಳಿ ತನಕದ ದಾರಿ ನಿಧಾನ.

ಬಸ್ಸಿನಲ್ಲಾದರೆ ಕುಪ್ಪಳ್ಳಿ ಆಗುವುದಿಲ್ಲ. ಶಿವಮೊಗ್ಗದಿಂದ ಉಡುಪಿ ಕಡೆಯ ಖಾಸಗಿ ಬಸ್ಸು ಹತ್ತಿ ಆಗುಂಬೆಯಲ್ಲೇ ಇಳಿಯಿರಿ. ಇಳಿಯುವಾಗಲೇ ಕಂಡಕ್ಟರ್ ಹತ್ತಿರ ಶಿವಮೊಗ್ಗ ಕಡೆಯ ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳಿ, ಕತ್ತಲಾದ ಮೇಲೆ ಬಸ್ಸು ಕಮ್ಮಿ. ಸೂರ್ಯಾಸ್ತದ ಕಟ್ಟೆಗೆ ಹೋಗಿ ಬರಲು ಊರಲ್ಲೇ ಆಟೋ ಮಾತಾಡಿಕೊಳ್ಳಿ, ಕಾಯುವುದಕ್ಕೂ ಸೇರಿಸಿ ಬಾಡಿಗೆ ಮೊದಲೇ ಗಟ್ಟಿ ಮಾಡಿ. ಅಮ್ಮನನ್ನು ಆ ಏರಿನಲ್ಲಿ ಕತ್ತಲಲ್ಲಿ ನಡೆಸಬೇಡಿ.